ಫೆತಿಯೆಯಲ್ಲಿ ಬಿಡಾರ, ದೋಲ್ಮುಶ್ ಹತ್ತಿ ಹಳ್ಳಿಗೆ

ಟರ್ಕಿಯ ಫೆತಿಯೆಗೆ ಬರುವ ಬಹಳ ಮಂದಿ ಒಲುದೆನಿಝ್ ಬೀಚಿನ ಪಕ್ಕದಲ್ಲೇ ರೂಮು ಹಿಡಿಯುತ್ತಾರೆ. ನಾನು ಬಿಡಾರ ಹೂಡುವುದು ಫೆತಿಯೆ ಊರಿನೊಳಗೇ, ಬಂದರಿಗೂ ಮೀನು ಮಾರುಕಟ್ಟೆಗೂ ನಡೆದು ಹೋಗುವಷ್ಟು ಹತ್ತಿರ. ಸುತ್ತಲಿನ ಹಳ್ಳಿಗಳಿಗೆ ಹೋಗುವ ಸಣ್ಣ ಬಸ್ಸು, ಅಂದರೆ ದೋಲ್ಮುಶ್, ಸಿಗುವುದು ಇಲ್ಲಿಂದ. ಏಪ್ರಿಲ್ ಕೊನೆಯಿಂದ ಮೇ, ಇಲ್ಲವೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ನಡೆಯುವ ಆಸೆ ಬಿಡಿ, ಸುಣ್ಣಕಲ್ಲಿನ ಬಂಡೆ ಹಂಚಿನಂತೆ ಕಾದಿರುತ್ತದೆ.

ಹೊರಡುವ ಮುನ್ನ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ 30 ದಿನದ, ಒಂದೇ ಪ್ರವೇಶದ ಇ-ವೀಸಾ ಸಿಗಬೇಕಾದರೆ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ಚಾಲ್ತಿ ವೀಸಾ ಇಲ್ಲವೆ ನಿವಾಸ ಪರವಾನಗಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಸ್ಟಿಕರ್ ವೀಸಾವೇ ಗತಿ, ಅದಕ್ಕೆ ವಾರಗಟ್ಟಲೆ ಮುಂಚೆ ಅರ್ಜಿ ಹಾಕಬೇಕು. ಎರಡನೆಯದು ವಿಮಾನದ ವಿಷಯ. ಇಸ್ತಾನ್‌ಬುಲ್‌ಗೆ ಎರಡು ವಿಮಾನ ನಿಲ್ದಾಣ, ಒಂದು ಯುರೋಪ್ ಕಡೆ, ಇನ್ನೊಂದು (ಸಬೀಹಾ ಗೊಕ್ಚೆನ್) ಏಷ್ಯಾ ಕಡೆ. ಫೆತಿಯೆಗೆ ಹತ್ತಿರದ ವಿಮಾನ ನಿಲ್ದಾಣ ದಲಾಮನ್. ಅಲ್ಲಿಗೆ ಅಗ್ಗದ ಟಿಕೆಟ್ ಕಂಡಿತೆಂದು ನೀವು ಇಳಿದದ್ದನ್ನು ಬಿಟ್ಟು ಬೇರೆ ನಿಲ್ದಾಣದಿಂದ ತೆಗೆದುಕೊಂಡರೆ ಇಡೀ ನಗರ ದಾಟಬೇಕು, ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ. ದಲಾಮನ್‌ನಿಂದ ಫೆತಿಯೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ.

ಊರಿನಲ್ಲಿ ಹಳೇ ಬೀದಿಗಳನ್ನು ಹುಡುಕಬೇಡಿ. 1957ರ ಭೂಕಂಪದಲ್ಲಿ ಬಹುಪಾಲು ಕುಸಿದು, ಆಮೇಲೆ ಕಟ್ಟಿದ ಊರು ಇದು. ಉಳಿದದ್ದು ಈ ಕರಾವಳಿಯ ಪ್ರಾಚೀನ ಜನರಾದ ಲಿಸಿಯನ್ನರ ಕಲ್ಲು. ಬಂಡೆ ಕೊರೆದು ಮಾಡಿದ, ಕ್ರಿ.ಪೂ. 4ನೇ ಶತಮಾನದ ಅಮಿಂಟಾಸ್ ಸಮಾಧಿ ಊರ ಮೇಲಿನ ಗುಡ್ಡದಲ್ಲಿದೆ. ಬಿಸಿಲಿಳಿದ ಮೇಲೆ ಮೆಟ್ಟಿಲು ಹತ್ತಿ, ಮುಕ್ಕಾಲು ಗಂಟೆ ಸಾಕು.

ದೋಲ್ಮುಶ್ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್. ಹೋಗುವ ಊರಿನ ಹೆಸರು ಮುಂದಿನ ಗಾಜಿನ ಮೇಲಿರುತ್ತದೆ. ಹಿಂದೆ ಕೂತವರು ಕೊಟ್ಟ ದುಡ್ಡು ಕೈಯಿಂದ ಕೈಗೆ ಡ್ರೈವರ್‌ವರೆಗೆ ಹೋಗಿ, ಚಿಲ್ಲರೆ ಹಾಗೇ ವಾಪಸು ಬರುತ್ತದೆ. ಸಣ್ಣ ನೋಟು ಇಟ್ಟುಕೊಳ್ಳಿ. ಇಳಿಯಬೇಕಾದಾಗ ‘ಇನೆಜೆಕ್ ವಾರ್’ ಎನ್ನಿ, ಇಳಿಯುವವರಿದ್ದಾರೆ ಎಂದರ್ಥ. ಹತ್ತುವಾಗಲೇ ವಾಪಸು ಬರುವ ಕೊನೆಯ ಗಾಡಿ ಎಷ್ಟಕ್ಕೆಂದು ಡ್ರೈವರ್‌ನನ್ನೇ ಕೇಳಿ. ಸೀಸನ್ ಮುಗಿದ ಮೇಲೆ ಗಾಡಿ ಕಡಿಮೆ, ಹಳೇ ವೇಳಾಪಟ್ಟಿ ನಂಬಿದವರು ಹಳ್ಳಿಯಲ್ಲೇ ಉಳಿಯುತ್ತಾರೆ.

ಒಂದೇ ಹಳ್ಳಿಗೆ ಸಮಯವಿದ್ದರೆ ಅದು ಕಾಯಾಕೊಯ್ ಆಗಲಿ. ಫೆತಿಯೆಯಿಂದ ಸುಮಾರು 8 ಕಿ.ಮೀ. ಗ್ರೀಕರು ಲೆವಿಸ್ಸಿ ಎನ್ನುತ್ತಿದ್ದ ಊರು. 1923ರ ಲೌಸನ್ ಒಪ್ಪಂದದಂತೆ ಗ್ರೀಸ್, ಟರ್ಕಿ ನಡುವೆ ನಡೆದ ಜನವಿನಿಮಯದ ಹೊತ್ತಿಗೆ ಇಲ್ಲಿನ ಆರ್ಥೊಡಾಕ್ಸ್ ಗ್ರೀಕರೆಲ್ಲ ಹೋದರು, ಅವರಲ್ಲಿ ಕೆಲವರು ಅಥೆನ್ಸ್ ಹತ್ತಿರ ನೆಆ ಮಾಕ್ರಿ ಎಂಬ ಊರು ಕಟ್ಟಿಕೊಂಡರು. ಗುಡ್ಡದ ಮೈತುಂಬ ನೂರಾರು ಮನೆ, ಹೆಚ್ಚಿನವಕ್ಕೆ ಸೂರಿಲ್ಲ. ಸುಮ್ಮನೆ ಫೋಟೊ ತೆಗೆದು ಬರಬೇಡಿ, ಮನೆಗಳು ಕೂತ ರೀತಿ ನೋಡಿ: ಕೆಳಗಿನದು ಮೇಲಿನದರ ಬೆಳಕಿಗೆ ಅಡ್ಡ ಬರುವುದಿಲ್ಲ. ಹೆಚ್ಚಿನ ಮನೆಗಳ ಪಕ್ಕದಲ್ಲಿ ಮಳೆನೀರಿನ ತೊಟ್ಟಿ ಇದೆ, ಹುಲ್ಲು ಬೆಳೆದ ಕಡೆ ಅದರ ಬಾಯಿ ಕಾಣುವುದಿಲ್ಲ. ಹಾಗಾಗಿ ಕಾಲುದಾರಿ ಬಿಟ್ಟು ಒಳನುಗ್ಗುವುದು, ಗೋಡೆ ಹತ್ತುವುದು ಬೇಡ.

ಅಲ್ಲಿಂದ ಒಲುದೆನಿಝ್‌ಗೆ ನಡೆದೇ ಹೋಗಿ. ಸುಮಾರು 8 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ಊರ ಹಿಂದಿನ ದಿಬ್ಬ ಹತ್ತಿದ ಮೇಲೆ ಪೈನ್ ಮರಗಳ ನೆರಳು, ಆಮೇಲೆ ಕಡಲಿನವರೆಗೆ ಇಳಿಜಾರು. ದಿಕ್ಕು ತಿರುಗಿಸಿ ಒಲುದೆನಿಝ್‌ನಿಂದ ಹೊರಟವರಿಗೆ ಇದೇ ದಾರಿ ಉದ್ದಕ್ಕೂ ಏರು. ಬಂಡೆಗಳ ಮೇಲೆ ಬಣ್ಣದ ಗುರುತುಗಳಿವೆ, ಹತ್ತು ನಿಮಿಷ ಒಂದೂ ಕಾಣದಿದ್ದರೆ ಕೊನೆಯ ಗುರುತಿಗೆ ಹಿಂದಿರುಗಿ. ಆಡು ತುಳಿದ ದಾರಿಗಳು ನಿಜವಾದ ದಾರಿಯಂತೆಯೇ ಕಾಣುತ್ತವೆ, ತಪ್ಪುವುದು ಅಲ್ಲೇ. ತಲೆಗೆ ಎರಡು ಲೀಟರ್ ನೀರು ಬೇಕು. ಉರುಳುಗಲ್ಲು ಜಾಸ್ತಿ, ಚಪ್ಪಲಿ ನಡೆಯದು.

ಇನ್ನೊಂದು ದಿನ ಫರಾಲ್ಯ, ಕಬಾಕ್ ಕಡೆಗೆ. 1999ರಲ್ಲಿ ಗುರುತು ಹಾಕಿ ತೆರೆದ ಲಿಸಿಯನ್ ವೇ ಎಂಬ ನಡಿಗೆದಾರಿಯ ಆರಂಭದ ಭಾಗದ ಹಳ್ಳಿಗಳು ಇವು. ಇಲ್ಲಿ ಗುರುತು ಕೆಂಪು ಬಿಳಿ ಪಟ್ಟಿ, ಅಡ್ಡಗೆರೆಯ ಗುಣಾಕಾರ ಚಿಹ್ನೆ ಕಂಡರೆ ಆ ಕಡೆ ಹೋಗಬೇಡಿ ಎಂದು. ಫರಾಲ್ಯದವರೆಗೆ ದೋಲ್ಮುಶ್, ಅಲ್ಲಿಂದ ಕಬಾಕ್‌ಗೆ ನಡಿಗೆ, ವಾಪಸು ದೋಲ್ಮುಶ್, ಇಷ್ಟು ಒಂದು ದಿನಕ್ಕೆ ಸರಿ. ಫರಾಲ್ಯದ ಅಂಚಿನಿಂದ ಚಿಟ್ಟೆ ಕಣಿವೆಗೆ ಹಗ್ಗ ಹಿಡಿದು ಇಳಿಯುವ ದಾರಿ ಇದೆ. ಇಳಿಯಬೇಡಿ, ಅಲ್ಲಿ ಬಿದ್ದು ಸತ್ತವರಿದ್ದಾರೆ. ಕಣಿವೆ ನೋಡಲೇಬೇಕೆಂದರೆ ಒಲುದೆನಿಝ್‌ನಿಂದ ದೋಣಿ ಇದೆ, ಅಲೆ ಜೋರಿದ್ದ ದಿನ ಅದೂ ಹೊರಡುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಡವುವುದು ಸೂಪಿನಲ್ಲೂ ಅನ್ನದಲ್ಲೂ. ಬೇಳೆ ಸೂಪಿಗೆ ಮಾಂಸದ ರಸ, ಪಿಲಾವಿಗೆ ಕೋಳಿ ರಸ ಹಾಕುವುದು ಅಲ್ಲಿ ರೂಢಿ, ಮೇಲೆ ತುಂಡು ಕಾಣದು. ‘ಎತ್ ಸುಯು ವಾರ್ ಮೆ?’ (ಮಾಂಸದ ರಸ ಇದೆಯೆ?) ಎಂದೇ ಕೇಳಬೇಕು. ಭರವಸೆಯ ಸಾಲು ‘ಜೆಯ್ತಿನ್‌ಯಾಲೆ’, ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ಹುರುಳಿಕಾಯಿ, ಬದನೆಯಂಥ ತರಕಾರಿಗಳು. ಹಳ್ಳಿಗಳಲ್ಲಿ ಗೊಝ್ಲೆಮೆ ಸಿಗುತ್ತದೆ. ಸಪೂರ ಲಟ್ಟಣಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಪಾಲಕ್ಕು, ಚೀಸ್ ತುಂಬಿ ಮಡಚಿ, ಕವುಚಿದ ಬಾಣಲೆಯಂಥ ಕಬ್ಬಿಣದ ಮೇಲೆ ಸುಡುತ್ತಾರೆ. ಜೊತೆಗೆ ಐರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆ ಒಂದಿಲ್ಲ ಅಷ್ಟೆ.

ಮೀನು ತಿನ್ನುವವರು ಫೆತಿಯೆಯ ಮೀನು ಮಾರುಕಟ್ಟೆಗೆ ಹೋಗಿ. ನಡುವಿನ ಅಂಗಡಿಯಲ್ಲಿ ಮೀನು ಆರಿಸಿ, ತೂಗಿಸಿ, ಸ್ವಚ್ಛ ಮಾಡಿಸಿ ಸುತ್ತಲಿನ ಯಾವುದಾದರೂ ಹೋಟೆಲಿಗೆ ಕೊಟ್ಟರೆ ಸುಟ್ಟು ಕೊಡುತ್ತಾರೆ. ಸುಡುವ ಕೂಲಿ ತಲೆಗೆ ಎಷ್ಟು, ಅದರಲ್ಲಿ ಸಲಾಡ್, ಬ್ರೆಡ್ ಸೇರಿದೆಯೆ ಎಂದು ಕೂರುವ ಮುಂಚೆ ಕೇಳಿ. ತಟ್ಟೆಯಲ್ಲಿ ತಂದು ತೋರಿಸುವ ಮೆಜೆಗಳಿಗೆ (ಊಟಕ್ಕೆ ಮುಂಚಿನ ಸಣ್ಣ ತಿನಿಸುಗಳು) ಬೇರೆ ಬಿಲ್ಲು, ಬೇಡವಾದರೆ ಮುಟ್ಟದೆ ವಾಪಸು ಕಳಿಸಬಹುದು, ಯಾರೂ ಬೇಜಾರಾಗುವುದಿಲ್ಲ.

ಅಲ್ಲಿರುವ ದಿನಗಳಲ್ಲಿ ಒಂದು ಮಂಗಳವಾರ ಬರುವಂತೆ ಟಿಕೆಟ್ ಮಾಡಿ. ಅಂದು ಫೆತಿಯೆಯ ಸಂತೆ. ಬಟ್ಟೆ, ಬ್ಯಾಗಿನ ಸಾಲು ಪ್ರವಾಸಿಗರಿಗಾಗಿ, ದಾಟಿ ಮುಂದೆ ಹೋದರೆ ಹಳ್ಳಿಯವರು ತಂದ ಆಲಿವ್, ಒಣ ಅಂಜೂರ, ಪೈನ್ ಕಾಡಿನ ಕಡುಗಂದು ಜೇನು. ಜೇನು ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು, ಎರಡು ಕವರ್ ಸುತ್ತಿ ಬಟ್ಟೆಯ ನಡುವೆ ಇಡಿ.