ಒಲೆಯ ಬಾಯಿ ಎಷ್ಟು ಅಗಲ ಇರಬೇಕು?

ಅಸ್ತ್ರ ಒಲೆ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಕಮ್ಮಿ ಸೌದೆ, ಕಮ್ಮಿ ಹೊಗೆಯ ಮಣ್ಣಿನ ಒಲೆ ಅದು. ನನಗೆ ಮಾತ್ರ ಅದು ಹತ್ತು ವರ್ಷ ಅನ್ನ ಹಾಕಿದೆ. 1980ರ ದಶಕದ ಕೊನೆಯಿಂದ ತುಮಕೂರು ಸೀಮೆಯ ಹಳ್ಳಿಗಳಲ್ಲಿ ನಾನು ಒಲೆ ಕಟ್ಟುತ್ತಿದ್ದೆ. ಎಷ್ಟು ಕಟ್ಟಿದೆ ಅಂತ ಲೆಕ್ಕ ಇಟ್ಟಿಲ್ಲ, 400 ದಾಟಿರಬಹುದು. ಅದರಲ್ಲಿ ಇವತ್ತೂ ಉರಿಯುತ್ತಿರುವುದು, ನಾನು ಕಂಡಂತೆ, ಮೂರೇ ಮೂರು.

ಹೆಸರು ಕೇಳಿದರೆ ಜನ ನಗುತ್ತಿದ್ದರು. 'ಅಸ್ತ್ರ ಅಂದ್ರೆ ಯಾರ ಮೇಲೆ ಬಿಡೋಕಪ್ಪಾ?' ಅನ್ನುತ್ತಿದ್ದರು. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ವಿಭಾಗಕ್ಕೆ ಆಗ ಇದ್ದ ಹೆಸರು, ಇಂಗ್ಲಿಷಿನ ಉದ್ದ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ್ದು. ಆ ಸಂಸ್ಥೆಯನ್ನು ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅಂತ ಅಲ್ಲಿನ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಅದನ್ನು ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರ ಇತ್ತು. ಅಲ್ಲಿ ಅವರು ಶುರುವಿನಲ್ಲೇ ಮಾಡಿದ ಒಂದು ಕೆಲಸ ಅಂದರೆ ಊರಿನಲ್ಲಿ ಯಾವುದಕ್ಕೆ ಎಷ್ಟು ಸೌದೆ, ಎಷ್ಟು ದುಡಿಮೆ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿದ್ದು. ಹೆಚ್ಚಿನ ಪಾಲು ಹೋಗುತ್ತಿದ್ದುದು ಅಡುಗೆ ಒಲೆಗೆ. ಆದ್ದರಿಂದ ಒಲೆಗೇ ಕೈ ಹಾಕಿದರು.

ನಮ್ಮ ಹಳೇ ಒಲೆಯಲ್ಲಿ ಸುಟ್ಟ ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುತ್ತಿದ್ದದ್ದು ಶೇ 10ರ ಆಸುಪಾಸು. ಉಳಿದದ್ದು ಗೋಡೆಗೆ, ಗಾಳಿಗೆ. ಅಸ್ತ್ರ ಒಲೆಯಲ್ಲಿ ಪ್ರಯೋಗಾಲಯದ ಲೆಕ್ಕ ಶೇ 40 ದಾಟಿತ್ತು. ಗುಟ್ಟು ಏನು ಅಂದರೆ, ಬೆಂಕಿಗೆ ಬೇಕಾದಷ್ಟೇ ಗಾಳಿ ಕೊಡೋದು. ಹಳೇ ಒಲೆಯ ಬಾಯಿ ದೊಡ್ಡದು. ತಣ್ಣನೆ ಗಾಳಿ ನುಗ್ಗಿ ಬಂದು ಶಾಖ ಹೊತ್ತುಕೊಂಡು ಹೋಗುತ್ತದೆ. ಇದರಲ್ಲಿ ಬೆಂಕಿಗೂಡು ಪೆಟ್ಟಿಗೆಯ ಹಾಗೆ ಮುಚ್ಚಿರುತ್ತದೆ. ತಳದಲ್ಲಿ ಕಬ್ಬಿಣದ ಜಾಲರಿ. ಗಾಳಿ ಅಡಿಯಿಂದ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ, ಕೆಂಡ ಕೊನೇ ತನಕ ಉರಿಯುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆ ದಾಟಿ ಎರಡನೆಯದರ ಅಡಿಗೆ, ಅಲ್ಲಿಂದ ಮೂರನೆಯದರ ಅಡಿಗೆ ಹೋಗಿ ಕೊಳವೆ ಹತ್ತುತ್ತದೆ. ಮೊದಲನೆಯದರಲ್ಲಿ ಮುದ್ದೆಗೆ ಎಸರು, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಪುಕ್ಕಟೆ ಬಿಸಿನೀರು.

ಕಲಿಸುವಾಗ ನಮ್ಮ ಕೈಗೆ ತಗಡಿನ ಅಚ್ಚು ಕೊಟ್ಟರು. ಅಚ್ಚಿಟ್ಟು ಸುತ್ತ ಮಣ್ಣು ಮೆತ್ತಬೇಕು, ಅಳತೆ ಒಂದು ಬೆರಳೂ ತಪ್ಪಬಾರದು. ಹುತ್ತದ ಮಣ್ಣು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಹಾಕಿ ತುಳಿದು ಎರಡು ದಿನ ಕೊಳೆಯಲು ಬಿಟ್ಟರೆ ಬಿರುಕು ಕಮ್ಮಿ. ಇದನ್ನು ವಿಜ್ಞಾನಿಗಳು ಹೇಳಿಕೊಡಬೇಕಾಗಿರಲಿಲ್ಲ, ನಮ್ಮ ಅವ್ವನಿಗೇ ಗೊತ್ತಿತ್ತು.

ಮೊದಲ ಒಲೆ ಕಟ್ಟಿದ್ದು ನಮ್ಮ ಮನೆಯಲ್ಲೇ. ಅಂಗಡಿಯ ತಕ್ಕಡಿ ತಂದು ಹಳೇ ಒಲೆಗೆ ಒಂದು ವಾರ, ಹೊಸದಕ್ಕೆ ಒಂದು ವಾರ ಸೌದೆ ತೂಗಿದೆ. ದಿನಕ್ಕೆ 6-7 ಕೆ.ಜಿ. ಹಿಡಿಯುತ್ತಿದ್ದದ್ದು 4ಕ್ಕೆ ಬಂತು. ಅವ್ವನಿಗೆ ಆ ಲೆಕ್ಕ ಬೇಕಿರಲಿಲ್ಲ. ಊದುಗೊಳವೆಯನ್ನು ಮೂಲೆಗಿಟ್ಟು, 'ಕಣ್ಣು ಉರಿಯಲ್ಲ ಕಣೋ' ಅಂದಳು. ಅಷ್ಟೇ.

ಆ ಕಣ್ಣುರಿಯ ಹಿಂದೆ ಎಷ್ಟು ದೊಡ್ಡ ವಿಷಯ ಇದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಕರ್ಕ್ ಸ್ಮಿತ್ ಅನ್ನುವ ಅಮೆರಿಕದ ವಿಜ್ಞಾನಿ 1980ರ ದಶಕದ ಶುರುವಿನಲ್ಲೇ ಗುಜರಾತಿನ ಹಳ್ಳಿಗಳಿಗೆ ಬಂದಿದ್ದರು. ಅಡುಗೆ ಮಾಡುವ ಹೆಂಗಸರಿಗೇ ಪುಟ್ಟ ಸಾಧನ ತೊಡಿಸಿ, ಅವರು ಉಸಿರಾಡುವ ಹೊಗೆಯನ್ನು ಅಳೆದರು. ಸೌದೆ ಒಲೆ ಒಂದು ಗಂಟೆಯಲ್ಲಿ ಬಿಡುವ ಹೊಗೆ 400 ಸಿಗರೇಟಿನ ಹೊಗೆಗೆ ಸಮ ಅಂತ ಅವರು ಹೇಳುತ್ತಿದ್ದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮವ್ವ ಬೀಡಿ ಮುಟ್ಟಿದವಳಲ್ಲ. ಕೆಮ್ಮು ಮಾತ್ರ ಬೀಡಿ ಸೇದುತ್ತಿದ್ದ ಅಪ್ಪನಿಗಿಂತ ಜಾಸ್ತಿ ಇತ್ತು.

ಹಾಗಾದರೆ ಇಷ್ಟು ಒಳ್ಳೇ ಒಲೆ ಯಾಕೆ ಉಳಿಯಲಿಲ್ಲ?

ಒಂದು ಮನೆಯ ಕತೆ ಹೇಳುತ್ತೇನೆ. ಕಟ್ಟಿ ಮೂರು ತಿಂಗಳಾಗಿತ್ತು. ನೋಡಿಕೊಂಡು ಬರೋಣ ಅಂತ ಹೋದೆ. ಒಲೆಯ ಬಾಯಿ ಎರಡರಷ್ಟು ಅಗಲ ಆಗಿತ್ತು, ಅಂಚು ಕಿತ್ತು ಹೋಗಿತ್ತು. ಆ ಮನೆಯ ದೊಡ್ಡವ್ವ ಮಚ್ಚು ತಗೊಂಡು ತಾವೇ ಕೆತ್ತಿದ್ದರು. ಒಂದಾಳುದ್ದದ ಎಡಮಟ್ಟೆ, ಅಂದರೆ ತೆಂಗಿನ ಗರಿಯ ದಿಂಡು, ಅರ್ಧ ಒಳಗೆ, ಅರ್ಧ ಹೊರಗೆ. ಹೊಗೆ ಕೊಳವೆ ಬಿಟ್ಟು ಮುಂದಿನಿಂದಲೇ ಬರುತ್ತಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

'ದೊಡ್ಡವ್ವಾ, ಸೌದೆ ಸಣ್ಣಗೆ ಸೀಳಿ ಹಾಕಿ ಅಂತ ಹೇಳಿರಲಿಲ್ವಾ?'

'ಹೇಳಿದ್ದೆ ಕಣಪ್ಪ. ಕಳೆ ಕಿತ್ತು ಬಂದು ಹೊತ್ತು ಮುಳುಗಿದ ಮೇಲೆ ಎಡಮಟ್ಟೆ ಸೀಳೋರು ಯಾರು? ನೀನು ಬರ್ತೀಯಾ, ನಿಮ್ಮ ಬೆಂಗಳೂರಿನೋರು ಬರ್ತಾರಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಡೆ ತೆಂಗಿನ ತೋಟದ ಸೌದೆಯೇ ಸೌದೆ. ಎಡಮಟ್ಟೆಯ ಒಂದು ತುದಿ ಒಲೆಗೆ ಇಟ್ಟು, ಉರಿದಂತೆ ತಳ್ಳುತ್ತಾ ಹೋಗೋದು ರೂಢಿ. ಹೊಸ ಒಲೆ ಉಳಿಸಿದ ಸೌದೆಗೆ ಬದಲಾಗಿ ಅರ್ಧ ಗಂಟೆ ಮಚ್ಚಿನ ಕೆಲಸ ಕೇಳುತ್ತಿತ್ತು. ಆ ಅರ್ಧ ಗಂಟೆಯೂ ಹೆಂಗಸರ ತಲೆಗೇ. ಅಳೆಯುವವರು ಸೌದೆ ಅಳೆದರು, ಹೊಗೆ ಅಳೆದರು. ಇದನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ. ನಾನೂ ಹಾಕಿರಲಿಲ್ಲ.

ಮುದ್ದೆದು ಇನ್ನೊಂದು ಪಾಡು. ಹಿಟ್ಟು ತೊಳಸುವಾಗ ಬೀಳುವ ಬಲ ತಡೆಯೋಕೆ ಮಣ್ಣಿನ ಅಂಚಿಗೆ ಆಗೋದಿಲ್ಲ. ಗುಂಡಿಯ ಅಂಚು ಸವೆದರೆ ಪಾತ್ರೆ ಕೂರುವುದಿಲ್ಲ, ಸಂದಿಯಲ್ಲಿ ಹೊಗೆ ಬರುತ್ತದೆ. ಪಾತ್ರೆ ಕೆಳಗಿಳಿಸಿ ಕವೆಗೋಲು ಹಿಡಿದು ತೊಳಸಿ ಅಂತ ಹೇಳಿದರೆ ಕೆಲವರು ಕೇಳಿದರು. ಅವರ ಮನೆ ಒಲೆಗಳು ಬಾಳಿದವು.

ಕೊಳವೆಯದು ಹೇಳುವುದೇ ಬೇಡ. ಹೆಂಚು ತೆಗೆದು ತೂರಿಸಿದ ಜಾಗದಲ್ಲಿ ಮೊದಲ ಮಳೆಗೇ ಸೋರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಮಸಿ ತೆಗೆಯದಿದ್ದರೆ ಹೊಗೆ ತಿರುಗಿ ಬರುತ್ತಿತ್ತು. ಬಿದಿರ ದಬ್ಬೆಯ ತುದಿಗೆ ಗೋಣಿ ಸುತ್ತಿ ಮೇಲಿಂದ ಕೆಳಕ್ಕೆ ಆಡಿಸಿದರೆ ಐದೇ ನಿಮಿಷದ ಕೆಲಸ. ಆದರೆ ಸೂರು ಹತ್ತಬೇಕು. ಹೆಂಗಸರು ಹತ್ತುವ ಹಾಗಿಲ್ಲ, ಗಂಡಸರಿಗೆ ಪುರುಸೊತ್ತಿಲ್ಲ. ಇನ್ನು ಕೆಲವರ ದೂರೇ ಬೇರೆ: ಹೊಗೆ ಇಲ್ಲದೆ ತೊಲೆಗೆ ಹುಳ ಹತ್ತುತ್ತಿದೆ, ಒಲೆ ಮೇಲೆ ನೇತುಹಾಕಿದ ಬಿತ್ತನೆ ತೆನೆ ಕೆಡುತ್ತಿದೆ ಅಂತ. ನಿಜವೇ. ನಾವು ಓಡಿಸಬೇಕು ಅಂತಿದ್ದ ಹೊಗೆಗೆ ಆ ಮನೆಯಲ್ಲಿ ಒಂದು ಕೆಲಸ ಇತ್ತು.

ಇನ್ನೊಂದು ಮಾತು. ಆ ಕೊಳವೆಗಳು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನವು, ನಾವು ಎ.ಸಿ. ಪೈಪು ಅನ್ನುತ್ತಿದ್ದೆವು. ಗರಗಸ ಹಾಕಿ ಕುಯ್ಯುವಾಗ ಬಿಳಿ ಪುಡಿ ಮುಖದ ತುಂಬಾ. ಆ ಪುಡಿ ಶ್ವಾಸಕೋಶಕ್ಕೆ ವಿಷ ಅಂತ ಆಗ ಯಾರೂ ಹೇಳಲಿಲ್ಲ. ಬೇರೆಯವರ ಎದೆ ಉಳಿಸೋಕೆ ಹೋಗಿ ನನ್ನ ಎದೆಗೆ ಏನು ತುಂಬಿಕೊಂಡೆನೋ. ಈಗ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸುತ್ತೇನೆ, ಸದ್ಯಕ್ಕೆ ಏನೂ ಇಲ್ಲ.

ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತಿತು. ಅದಕ್ಕೂ ಮೊದಲೇ ನಾನು ಗಾರೆ ಕೆಲಸಕ್ಕೆ ಹೋಗಿದ್ದೆ. ಕೆಲವು ವರ್ಷದ ಹಿಂದೆ ಮಗಳು ಫೋನಿನಲ್ಲಿ ಒಂದು ಅಧ್ಯಯನ ತೋರಿಸಿದಳು. ಒಡಿಶಾದ ಸುಮಾರು 2,600 ಮನೆಗಳಲ್ಲಿ ಕೊಳವೆ ಇರುವ ಮಣ್ಣಿನ ಒಲೆ ಕಟ್ಟಿಸಿ ನಾಲ್ಕು ವರ್ಷದವರೆಗೆ ಹಿಂಬಾಲಿಸಿದ್ದು. 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡಫ್ಲೊ ಅದನ್ನು ಮಾಡಿದವರಲ್ಲಿ ಒಬ್ಬರು. ಮೊದಲ ವರ್ಷ ಹೆಂಗಸರು ಕುಡಿಯುವ ಹೊಗೆ ಕಮ್ಮಿಯಾಯಿತು, ಆಮೇಲೆ ಆ ಲಾಭವೂ ಹೋಯಿತು. ಆರೋಗ್ಯ ಸುಧಾರಿಸಲಿಲ್ಲ, ಸೌದೆಯೂ ಉಳಿಯಲಿಲ್ಲ. ಜನ ಒಲೆಯನ್ನು ಸರಿಯಾಗಿ, ದಿನಾ ಬಳಸಲಿಲ್ಲ, ರಿಪೇರಿ ಮಾಡಿಸಲಿಲ್ಲ ಅಂತ ಕಾರಣ ಬರೆದಿದ್ದರು. ಮಗಳು ಓದಿ ಹೇಳುತ್ತಿದ್ದರೆ ನನಗೆ ದೊಡ್ಡವ್ವನ ಮಚ್ಚು ಕಣ್ಣ ಮುಂದೆ ಬಂತು. ನನಗೆ ಮೂರು ತಿಂಗಳಿಗೇ ಗೊತ್ತಾಗಿತ್ತು. ಆದರೆ ನಾನು ಬರೆದಿಡಲಿಲ್ಲ, ಅವರು ಬರೆದರು.

ಆ ಮನೆಯಿಂದ ಬಂದ ಮೇಲೆ ನಾನು ಕೆಲಸದ ರೀತಿ ಬದಲಿಸಿಕೊಂಡಿದ್ದೆ. ಯಾರೇ ಒಲೆ ಕಟ್ಟಿಕೊಡು ಅಂದರೂ ಮೊದಲು ಹಿತ್ತಲಿಗೆ ಹೋಗಿ ಸೌದೆ ರಾಶಿ ನೋಡುತ್ತಿದ್ದೆ. ಎಡಮಟ್ಟೆಯೇ ಜಾಸ್ತಿ ಇದ್ದರೆ ಮನೆ ಗಂಡಸರನ್ನು ಕರೆದು, ವಾರಕ್ಕೊಂದು ದಿನ ಕೂತು ಸೀಳಿ ಒಟ್ಟುತ್ತೀರಾ ಅಂತ ಕೇಳುತ್ತಿದ್ದೆ. ಹೂಂ ಅಂದರೆ ಅಚ್ಚಿನ ಅಳತೆ. ಇಲ್ಲ ಅಂದರೆ ಬಾಯಿ ಸ್ವಲ್ಪ ಹಿಗ್ಗಿಸಿ, ಅದಕ್ಕೊಂದು ತಗಡಿನ ಬಾಗಿಲು. ಶೇ 40 ಸಿಗುತ್ತಿರಲಿಲ್ಲ, ಒಪ್ಪುತ್ತೇನೆ. ಮೇಲ್ವಿಚಾರಣೆಗೆ ಬಂದವರು ಅಳತೆ ತಪ್ಪಿದೆ ಅಂತ ಎರಡು ಸಲ ನನ್ನ ಬಿಲ್ಲು ತಡೆದರು. ಈಗ ಉಳಿದಿರುವ ಮೂರು ಒಲೆಗಳಲ್ಲಿ ಎರಡು ಅಂಥವೇ.

ಈಗ ನಮ್ಮ ಮನೆಯಲ್ಲೂ ಗ್ಯಾಸು. ಆದರೆ ಬಚ್ಚಲ ಹಂಡೆಗೆ ಊರಿನ ಮುಕ್ಕಾಲು ಮನೆಯಲ್ಲಿ ಇನ್ನೂ ಸೌದೆಯೇ. ಸಿಲಿಂಡರ್ ಸುಟ್ಟು ಯಾರು ಸ್ನಾನ ಮಾಡ್ತಾರೆ? ಹೋದ ತಿಂಗಳು ಪಕ್ಕದ ಬೀದಿಯ ಸೊಸೆಯೊಬ್ಬಳು ಬಂದು, 'ಮಾವ, ಹಂಡೆ ಒಲೆ ಹೊಗೆ ಬಚ್ಚಲು ತುಂಬುತ್ತೆ, ಒಂದು ಜಾಲರಿ ಕೂರಿಸಿ ಕೊಡ್ತೀರಾ?' ಅಂದಳು. ಮೊದಲು ಸೌದೆ ತೋರಿಸವ್ವ ಅಂದೆ. ಹಿತ್ತಲಲ್ಲಿ ಕರಟ, ಕುರಂಬಳೆ, ಒಂದು ಗಾಡಿ ಎಡಮಟ್ಟೆ. ಪಕ್ಕದಲ್ಲಿ ಅವಳ ಗಂಡ ಮೊಬೈಲ್ ನೋಡುತ್ತಾ ನಿಂತಿದ್ದ. ಮಚ್ಚು ಎಲ್ಲಿದೆ ಅಂತ ಅವನನ್ನು ಕೇಳಿದೆ.