ನೋವು ಕತ್ತಿನದು, ಮದ್ದು ಎದೆ-ಬೆನ್ನಿನಲ್ಲಿ

ದಿನವಿಡೀ ಕಂಪ್ಯೂಟರ್ ಮುಂದೆ ಕೂತರೆ, ಸಂಜೆ ನಾಲ್ಕರ ಹೊತ್ತಿಗೆ ಕೈ ತಾನಾಗಿಯೇ ಕತ್ತಿನ ಬುಡಕ್ಕೆ ಹೋಗುತ್ತದೆ. ಹಿಂಡುತ್ತೀರಿ, ಒತ್ತುತ್ತೀರಿ, ತಲೆ ತಿರುಗಿಸಿ ಲಟಕ್ ಅನ್ನಿಸುತ್ತೀರಿ. ಹತ್ತು ನಿಮಿಷ ಹಾಯ್ ಅನಿಸುತ್ತದೆ. ಆಮೇಲೆ ಮತ್ತೆ ಅದೇ ಕತೆ, ಅಲ್ವಾ?

ನೋಯುವ ಜಾಗ ಒಂದು, ತೊಂದರೆ ಶುರುವಾಗುವ ಜಾಗ ಇನ್ನೊಂದು. ದೊಡ್ಡವರ ತಲೆ ಸುಮಾರು 4.5ರಿಂದ 5 ಕೆ.ಜಿ. ತೂಗುತ್ತದೆ. ಭುಜದ ನೇರಕ್ಕೆ ಕೂತಿದ್ದರೆ ಅದನ್ನು ಹೊರುವುದು ಕಷ್ಟವಲ್ಲ. ಸ್ಕ್ರೀನಿನ ಕಡೆಗೆ ಚಾಚಿಕೊಂಡರೆ, ಅದು ಜೋತು ಬೀಳದಂತೆ ಹಿಡಿಯುವ ಕೆಲಸ ಕತ್ತಿನ ಹಿಂಭಾಗಕ್ಕೂ ಹೆಗಲಿಗೂ ಬೀಳುತ್ತದೆ. ತುಂಬಿದ ಬಕೆಟ್ಟನ್ನು ಮೈಗೆ ಒತ್ತಿ ಹಿಡಿದು ನೋಡಿ, ಆಮೇಲೆ ಕೈ ಚಾಚಿ ಹಿಡಿದು ನೋಡಿ. ಗೊತ್ತಾಗುತ್ತದೆ.

ಇನ್ನೊಂದು ಕಡೆ, ಕೀಬೋರ್ಡಿನ ಮೇಲೆ ಬಾಗಿ ಬಾಗಿ ಎದೆಯ ಸ್ನಾಯು ಬಿಗಿಯುತ್ತದೆ, ಬೆನ್ನಿನ ಮೇಲ್ಭಾಗ ಸೋಮಾರಿಯಾಗುತ್ತದೆ. ಬಿಗಿ ಮತ್ತು ಬಲಹೀನತೆಯ ಈ ಕತ್ತರಿಯಾಕಾರದ ಜೋಡಿಗೆ ಜೆಕ್ ವೈದ್ಯ ವ್ಲಾಡಿಮಿರ್ ಯಾಂಡಾ ‘ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಎಲ್ಲರ ನೋವಿಗೂ ಇದೇ ಕಾರಣ ಎನ್ನಲಾಗದು. ಆದರೂ ಬಿಗಿಯಾದದ್ದನ್ನು ಮೊದಲು ಸಡಿಲಿಸಿ, ಆಮೇಲೆ ಸೋತದ್ದಕ್ಕೆ ಬಲ ಕೊಡಿ ಎನ್ನುವ ಕ್ರಮ ಚೆನ್ನಾಗಿದೆ.

ಶುರು ಮಾಡುವ ಮುಂಚೆ ಒಂದು ಮಾತು. ಕೈ ಜೋಮು ಹಿಡಿಯುವುದು, ಹಿಡಿತದ ಬಲ ಕಡಿಮೆಯಾಗುವುದು, ನಡೆಯುವಾಗ ತೂರಾಡುವುದು, ಬಿದ್ದ ಮೇಲೆ ಬಂದ ನೋವು, ನೋವಿನ ಜೊತೆ ಜ್ವರ, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಬೇಡ, ಮೊದಲು ವೈದ್ಯರ ಹತ್ತಿರ ಹೋಗಿ. ಎದೆನೋವು ಅಥವಾ ಉಸಿರಾಟದ ಕಷ್ಟದ ಜೊತೆಗೆ ಭುಜ ನೋಯುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೊರಡಿ.

ಮೊದಲು ಎದೆ. ಬಾಗಿಲ ಚೌಕಟ್ಟಿನ ನಡುವೆ ನಿಲ್ಲಿ. ಮೊಣಕೈಗಳನ್ನು ಭುಜದ ಎತ್ತರಕ್ಕೆ ಮಡಿಸಿ, ಮುಂಗೈಗಳನ್ನು ಎರಡೂ ಬದಿಗೆ ಒರಗಿಸಿ. ಒಂದು ಕಾಲು ಮುಂದಿಟ್ಟು ಮೈಯನ್ನು ನಿಧಾನಕ್ಕೆ ಮುಂದೆ ತನ್ನಿ. ಎದೆಯಲ್ಲಿ ಎಳೆತ ಸಿಕ್ಕ ಕಡೆ 30 ಸೆಕೆಂಡು ನಿಲ್ಲಿ. ಎರಡು ಸಲ ಸಾಕು.

ಆಮೇಲೆ ಹೆಗಲು. ಕುರ್ಚಿಯಲ್ಲಿ ಕೂತು ಬಲಗೈಯಿಂದ ಕುರ್ಚಿಯ ಅಂಚು ಹಿಡಿಯಿರಿ. ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ, ಎಡ ಕಂಕುಳ ನೋಡುವ ಹಾಗೆ ತಲೆ ತಗ್ಗಿಸಿ. 20–30 ಸೆಕೆಂಡು. ಇನ್ನೊಂದು ಬದಿಗೂ ಹೀಗೇ. ತಲೆಯನ್ನು ಕೈಯಿಂದ ಎಳೆಯಬೇಡಿ.

ಈಗ ಗದ್ದ. ಒಂದೇ ಒಂದು ವ್ಯಾಯಾಮ ಮಾಡಲು ಪುರುಸೊತ್ತಿದೆ ಅಂದರೆ ಇದನ್ನೇ ಮಾಡಿ. ನೆಟ್ಟಗೆ ಕೂತು, ಎದುರು ನೋಡುತ್ತಾ ಗದ್ದವನ್ನು ನೇರ ಹಿಂದಕ್ಕೆ ಸರಿಸಿ. ಡ್ರಾಯರ್ ಒಳಗೆ ತಳ್ಳಿದಂತೆ ಸಮತಟ್ಟಾಗಿ ಹೋಗಬೇಕು. ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ: ತಲೆ ತಗ್ಗಿಸಿಬಿಡುತ್ತಾರೆ, ಇಲ್ಲವೇ ಮೇಲೆತ್ತುತ್ತಾರೆ. ಗದ್ದದ ಕೆಳಗೆ ಮಡಿಕೆ ಬಿದ್ದು, ಕತ್ತಿನ ಹಿಂದೆ ಉದ್ದವಾದಂತೆ ಅನಿಸಿದರೆ ನೀವು ಮಾಡುತ್ತಿರುವುದು ಸರಿ. 5 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ. ಕತ್ತಿನ ಮುಂಭಾಗದ ಒಳಪದರದಲ್ಲಿ ಸುಮ್ನೆ ಕೂತಿರುವ ಸ್ನಾಯುಗಳಿಗೆ ಇದರಿಂದ ಕೆಲಸ ಸಿಗುತ್ತದೆ. ನೋಡುವುದಕ್ಕೆ ಚೆಂದವಿಲ್ಲ. ನಾನು ವಿಡಿಯೋ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಯೇ ಮಾಡುವುದು.

ಕೊನೆಗೆ ಬೆನ್ನು. ಗೋಡೆಗೆ ಬೆನ್ನು ಒರಗಿಸಿ, ಹಿಮ್ಮಡಿ ಸ್ವಲ್ಪ ಮುಂದಿಟ್ಟು ನಿಲ್ಲಿ. ‘ಹ್ಯಾಂಡ್ಸ್ ಅಪ್’ ಅಂದಾಗ ಎತ್ತುವ ಹಾಗೆ ಕೈ ಎತ್ತಿ, ಗೋಡೆಗೆ ತಾಗಿಸಿಕೊಂಡೇ ಮೇಲೆ-ಕೆಳಗೆ ಜಾರಿಸಿ. 10 ಸಲ. ಭುಜ ಕಿವಿಗೆ ಏರಬಾರದು, ಸೊಂಟ ಗೋಡೆಯಿಂದ ಬಿಲ್ಲಿನಂತೆ ಬಾಗಬಾರದು. ಕೈ ಗೋಡೆಗೆ ಪೂರ್ತಿ ತಾಗದಿದ್ದರೆ ಚಿಂತೆಯಿಲ್ಲ, ಶುರುವಿನಲ್ಲಿ ಬಹಳ ಜನರಿಗೆ ತಾಗುವುದಿಲ್ಲ.

ಎಳೆಯುವ ರಬ್ಬರ್ ಬ್ಯಾಂಡ್ ಇದ್ದರೆ ಗಟ್ಟಿಯಾದ ಕಡೆ ಕಟ್ಟಿ, ಎರಡೂ ತುದಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಎಳೆಯಿರಿ. ಬೆನ್ನ ಮೇಲಿನ ರೆಕ್ಕೆಯಂಥ ಮೂಳೆಗಳು ಒಂದಕ್ಕೊಂದು ಹತ್ತಿರ ಬರಬೇಕು. ಬಿಡುವಾಗ ನಿಧಾನ. 10–12 ಸಲ, ಎರಡು ಸುತ್ತು.

ಸಡಿಲಿಸುವುದನ್ನೂ ಗದ್ದದ ವ್ಯಾಯಾಮವನ್ನೂ ದಿನಾ ಮಾಡಬಹುದು. ಗೋಡೆ, ಬ್ಯಾಂಡ್ ವಾರಕ್ಕೆ ಮೂರು ದಿನ ಸಾಕು. ಹಿತವಾದ ಎಳೆತ ಸರಿ; ಚುಚ್ಚುವ ನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಎರಡೇ ದಿನದಲ್ಲಿ ಫಲ ಹುಡುಕಬೇಡಿ, ಬಲ ಬರಲು ಕೆಲವು ವಾರ ಬೇಕು. ಅಷ್ಟಾದರೂ ನೋವು ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿ.

ಲ್ಯಾಪ್‌ಟಾಪ್ ಬಳಸುವವರಿಗೆ ಒಂದು ಕಿರಿಕಿರಿ ಉಳಿಯುತ್ತದೆ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬಂದರೆ ಕೀಬೋರ್ಡ್ ಎದೆಗೆ ಬರುತ್ತದೆ. ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್ ಸಿಕ್ಕಿಸಿ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ಫೋನ್ ಬಂದಾಗ ಎದ್ದು ನಿಂತು ಮಾತಾಡಿ, ಆದರೆ ಅದನ್ನು ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವ ಅಭ್ಯಾಸವನ್ನು ಇವತ್ತೇ ಬಿಡಿ.