ಮಲೆನಾಡಿನ ಮೋಡಕ್ಕೆ ಯಾವ ಸೋಲಾರ್ ಪ್ಯಾನೆಲ್?

ತೀರ್ಥಹಳ್ಳಿ ಸೀಮೆಯಲ್ಲಿ ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಬಿಸಿಲು ಅಪರೂಪ. ಇಂಥ ಕಡೆ ಮನೆಗೆ ಸೋಲಾರ್ ಹಾಕಿಸಲು ಹೊರಟಾಗ ‘ಮೋಡಕ್ಕೆ ಮೋನೊ ಪ್ಯಾನೆಲ್ಲೇ ಆಗಬೇಕು’ ಎಂದು ಎಲ್ಲರೂ ಹೇಳಿದರು. ಮೋನೊ ಎಂದರೆ ಒಂದೇ ಸಿಲಿಕಾನ್ ಹರಳಿನಿಂದ ಕೊಯ್ದ ಸೆಲ್‌ಗಳ ಪ್ಯಾನೆಲ್. ನಾನು ಹಾಕಿಸಿದ್ದೂ ಮೋನೊವನ್ನೇ, ಆದರೆ ಕಾರಣ ಬೇರೆ.

ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದಾಗಿನ ಲೆಕ್ಕ. ದಟ್ಟ ಮೋಡದಲ್ಲಿ ಆ ಬೆಳಕು 100–200ಕ್ಕೆ ಇಳಿಯುತ್ತದೆ. ಆಗ ಒಂದು ಕಿಲೋವ್ಯಾಟ್ ಪಾಲಿ (ಹಲವು ಹರಳು ಸೇರಿದ ಸೆಲ್‌ಗಳ ಪ್ಯಾನೆಲ್), ಒಂದು ಕಿಲೋವ್ಯಾಟ್ ಮೋನೊ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಸಿಯುತ್ತವೆ. ಮೋನೊ ಗೆಲ್ಲುವುದು ಜಾಗದಲ್ಲಿ. ಪಾಲಿಯ ದಕ್ಷತೆ ಶೇ 15–17, ಮೋನೊದಲ್ಲೇ ಸುಧಾರಿಸಿದ ಬಗೆಯಾದ ಮೋನೊ ಪರ್ಕ್‌ನದು ಶೇ 20ರ ಆಸುಪಾಸು, ಅದಕ್ಕಿಂತ ಹೊಸ ಬಗೆಯಾದ ಟಾಪ್‌ಕಾನ್‌ನದು ಇನ್ನೂ ಸ್ವಲ್ಪ ಮೇಲೆ. ತೆಳುಪದರದ ಪ್ಯಾನೆಲ್ ಮಂದ ಬೆಳಕಿಗೆ ಒಳ್ಳೆಯದೇ, ಆದರೆ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಜಾಗ ಬೇಡುತ್ತದೆ. ಸುತ್ತ ಅಡಿಕೆ ತೋಟವಿರುವ ನಮ್ಮ ಮನೆಯಲ್ಲಿ ನೆರಳಿಲ್ಲದ ಮಾಡು ಸಿಗುವುದೇ ಸ್ವಲ್ಪ. ಹಾಗಾಗಿ 3 ಕಿಲೋವ್ಯಾಟ್ ಮೋನೊ ಪರ್ಕ್, ಅದರಲ್ಲೂ ಹಾಫ್‌ಕಟ್, ಅಂದರೆ ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿದ್ದು. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನಕ್ಕೆ ಸೆಲ್‌ಗಳೂ ಭಾರತದಲ್ಲೇ ತಯಾರಾಗಿರಬೇಕು, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಹಾಫ್‌ಕಟ್‌ನ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ಪ್ಯಾನೆಲ್‌ನ ಕೆಳಗಿನ ಅಂಚಿನಲ್ಲಿ, ಚೌಕಟ್ಟಿಗೆ ತಾಗಿ ನೀರು ನಿಂತು ಬೆರಳಗಲ ಹಸಿರು ಪಾಚಿ ಕಟ್ಟುತ್ತದೆ. ಉದ್ದುದ್ದ ನಿಲ್ಲಿಸಿದ ಹಾಫ್‌ಕಟ್‌ನಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆಬೇರೆಯಾಗಿ ಕೆಲಸ ಮಾಡುವುದರಿಂದ ಪಾಚಿಯ ಪೆಟ್ಟು ಕೆಳಗಿನ ಅರ್ಧಕ್ಕಷ್ಟೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪಾಚಿ ಹೋಗುತ್ತದೆ. ಗೀರು ಬೀಳುವುದರಿಂದ ತೆಂಗಿನ ನಾರು ಖಂಡಿತ ಬೇಡ.

ಪ್ಯಾನೆಲ್ ಜಾತಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇಳಿಜಾರಿನ ಬಗ್ಗೆ. ಜೂನ್, ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಮೋಡದ ಬೆಳಕಂತೂ ಇಡೀ ಆಕಾಶದಿಂದ ಬರುತ್ತದೆ. ದಕ್ಷಿಣಕ್ಕೆ ಕಡಿದಾಗಿ ವಾಲಿಸಿದರೆ ಎರಡೂ ಕಡೆ ನಷ್ಟ. ಪೂರ್ತಿ ಮಟ್ಟಸ ಇಟ್ಟರೆ ನೀರು ನಿಲ್ಲುತ್ತದೆ. ನಾನು ಹತ್ತು ಡಿಗ್ರಿಗೆ ಒಪ್ಪಿಸಿದೆ. ಫಿಟ್ಟಿಂಗ್ ಮಾಡುವವರು ಇನ್ನೂ ಹೆಚ್ಚು ಬೇಕೆಂದು ಹಟ ಹಿಡಿದಿದ್ದರು.

ಫೆಬ್ರುವರಿಯ ಬಿಸಿಲಿನಲ್ಲಿ ದಿನಕ್ಕೆ 12–13 ಯೂನಿಟ್ ಬರುತ್ತದೆ. ಜಡಿಮಳೆಯ ದಿನ ಎರಡು–ಮೂರಕ್ಕೆ ನಿಲ್ಲುತ್ತದೆ. ಲೈನಿನ ಕರೆಂಟಿನ ಜೊತೆಗಷ್ಟೇ ನಡೆಯುವ ಬರಿಯ ಗ್ರಿಡ್ ಇನ್ವರ್ಟರ್ ಇದ್ದರೆ ಕರೆಂಟು ಹೋದೊಡನೆ ಅದೂ ಆರಿಹೋಗುತ್ತದೆ. ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಯಿಂದಲೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಸಣ್ಣದಾದರೂ ಒಂದು ಬ್ಯಾಟರಿ ಇರಲೇಬೇಕು. ಆ ಎರಡು–ಮೂರು ಯೂನಿಟ್‌ನಲ್ಲಿ ನಮ್ಮ ದೀಪ, ಫ್ರಿಜ್, ಮೊಬೈಲ್ ನಡೆಯುತ್ತವೆ. ಮಿಕ್ಸಿ, ನೀರಿನ ಪಂಪು ಮಾತ್ರ ಮಧ್ಯಾಹ್ನ ಮೋಡ ಸ್ವಲ್ಪ ತೆಳುವಾದ ಹೊತ್ತಿಗೆ.